ತೊಗರಿ ಕಾಳಿನ ಲೆಕ್ಕ

ಸೇಡಂ ದವಾಖಾನಿ ಹಿಂದ, ಬೇವಿನ ಗಿಡದ ಬುಡಕ್ಕ
ನನ್ನ ಜನರೇಟರ್ ಅದ.
ಹದಿನಾಲ್ಕು ವರ್ಷ ಆತು ಅದರ ಹೊಟ್ಟಿ ನೋಡಕೋತ:
ಡೀಸೆಲ್ ಎಷ್ಟು, ಎಣ್ಣಿ ಎಷ್ಟು, ಬ್ಯಾಟರಿಗೆ ನೀರು ಎಷ್ಟು.
ಸಿಮೆಂಟಿನ ಧೂಳು ಎಲಿಯಿಂದ ಉದುರಿ ಫಿಲ್ಟರ್ ಕಟ್ಟತದ,
ಜುಮ್ಮಾ ನಮಾಜಿಗೆ ಹೋಗೂ ಮೊದಲು ಝಾಡಿಸ್ತೀನಿ.
ಕರೆಂಟ್ ಹೋದ ಹನ್ನೊಂದು ಸೆಕೆಂಡಿಗೆ
ಕೂಸುಗಳ ಖೋಲಿಗೆ ಬೆಳಕು ಮುಟ್ಟಬೇಕು.
ಮುಟ್ಟಿಸೀನಿ. ಅಷ್ಟೇ ನನ್ನ ನೌಕರಿ,
ಅದೂ ಗುತ್ತಿಗಿ.

ತಾಲೀಮಿನ ದಿನ ಎಲ್ಲಾ ಛಂದ ಇತ್ತು.
ನಾಳೆ ಹನ್ನೊಂದಕ್ಕ ಬೆಂಕಿ ಹತ್ತತದಂತ
ಹಿಂದಿನ ದಿನವೇ ಚೀಟಿ ಹಚ್ಚಿದ್ರು.
ಹತ್ತಕ್ಕ ಹಿಂದಿನ ಬಾಗಿಲ ಕೀಲಿ ತಗದ್ರು,
ಅಡ್ಡ ಇದ್ದ ಮುರುಕ ಮಂಚ, ಸಲಾಯಿನ್ ಡಬ್ಬಿ
ನನ್ನ ಜನರೇಟರ್ ಬಾಜೂಕ ತಂದು ಒಗದ್ರು.
ಸೈರನ್ ಆತು, ಫೋಟೋ ಆತು, ಚಹಾ ಆತು.
ಸಂಜೀಕ ಮಂಚ ತಮ್ಮ ಜಾಗಕ್ಕ,
ಬಾಗಿಲಿಗೆ ಕೀಲಿ.

ಜಗದೇವಿ ಆಯಾ ಒಬ್ಬಾಕಿಗೆ ಅದು ಸೇರಲಿಲ್ಲ.
ರಾತ್ರಿ ಪಾಳಿಯೊಳಗ ಒಂದೊಂದೇ ಮಂಚ ಎಳದು
ಮೂರು ದಿನಕ್ಕ ದಾರಿ ಖುಲ್ಲಾ ಮಾಡಿದಳು,
ಚಾವಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.
"ಇವೆಲ್ಲಾ ಎಲ್ಲಿಡೂದು?" ಅಂತ ಹೆಡ್ ಸಿಸ್ಟರ್ ಒದರಿದ್ರ
"ನನ್ನ ತಲೀ ಮ್ಯಾಲ ಇಡ್ರಿ ಬಾಯಿ" ಅಂದಳು.

ಆಮ್ಯಾಲ ಒಂದು ರಾತ್ರಿ, ಎರಡೂ ನಲವತ್ತಕ್ಕ,
ಚೀಟಿ ಹಚ್ಚದೆ ಬಂತು.
ಮೊದಲು ವಾಸನಿ. ವೈರ್ ಕರಗೂ ವಾಸನಿ ನನಗ ಗೊತ್ತು.
ಏಸಿ ಬಾಯಿಂದ ಕರೀ ಹೊಗಿ,
ಯಾರೋ ಒಳಗ ಕುಂತು ಬೀಡಿ ಸೇದಿದಂಗ.
ಆಕ್ಸಿಜನ್ ವಾಲ್ವ್ ತಿರುವಿದೆ. ಮೇನ್ ಇಳಿಸಿದೆ.
ಹದಿನಾಲ್ಕು ವರ್ಷ ಬೆಳಕು ಕೊಟ್ಟ ಕೈಲೆ
ಅವತ್ತು ಕತ್ತಲಿ ಮಾಡಿದೆ.

ಆ ಕತ್ತಲಾಗ ಜಗದೇವಿ ಬಗಲಿಗೊಂದೊಂದು ಕೂಸು ಇಟಗೊಂಡು
ಹಿಂದಿನ ಬಾಗಿಲಿಂದ ಬಂದಳು, ಹೋದಳು, ಬಂದಳು.
ಶಹಾಬಾದ್ ಕಲ್ಲಿನ ಕಟ್ಟಿ ಮ್ಯಾಲ ನನ್ನ ಹಾಸಿಗಿ ಹಾಸಿದ್ವಿ.
ಹನ್ನೊಂದು ಕೂಸು,
ಬೆಕ್ಕಿನ ಮರಿಗಿಂತ ಒಂದೀಟು ದೊಡ್ಡವು.

ಸಿಸ್ಟರ್ ಎದಿಗೆ ಅವಚಿ ರಜಿಸ್ಟರ್ ತಂದಿದ್ರು.
ರಜಿಸ್ಟರಿನೊಳಗ ಹನ್ನೆರಡು.

ಟಾರ್ಚ್ ಹಿಡದು ಎಣಿಸಿದ್ರು. ಮತ್ತ ಎಣಿಸಿದ್ರು.
ಹಸಿ ಟಾವೆಲ್ ಮಾರಿಗೆ ಕಟಗೊಂಡು ನಾನು ಒಳಗ ಹೋದೆ.
ನೆಲದ ಮ್ಯಾಲ ತೆವಳಿ, ಒಂದೊಂದು ಪೆಟ್ಟಿಗಿ
ಕೈಲೆ ತಡವಿ ತಡವಿ,
ಒಂದರಾಗ ಮೆತ್ತಗ ಹತ್ತಿತು.
ಯಾ ಅಲ್ಲಾ ಅಂದು ಎದಿಗೆ ಹಚಗೊಂಡು ಓಡಿ ಬಂದೆ.
ಹೊರಗ ಬಂದು ಬಿಚ್ಚಿದ್ರ ದುಬಟಿ. ಬರೇ ದುಬಟಿ.

ಹನ್ನೆರಡನೇದು ಅವತ್ತು ಸಂಜೀ ಆರಕ್ಕೇ
ಅಜ್ಜಿ ಉಡಿಯಾಗ, ಆಟೋದಾಗ, ಕೋಡ್ಲಾ ಮುಟ್ಟಿತ್ತು.
ಬೆಚ್ಚಗ ಮಲಗಿತ್ತಂತ.
ಹೆಸರಿನ ಮ್ಯಾಲ ಗೆರಿ ಎಳಿಯೂದು ಉಳದಿತ್ತು.
ಪೆನ್ನಿನ ಒಂದು ಗೆರಿ.
ನನ್ನ ಬಲಗೈಯ ಎರಡು ಬೆರಳು ಈಗ ಮಡಚಲ್ಲ.

ಸಿಟ್ಟಿಲ್ಲ ಸಾಹೇಬ್ರ.
ಎರಡು ವಾರ್ಡಿಗೆ ಒಬ್ಬಾಕಿ ಸಿಸ್ಟರ್, ಅವತ್ತಿಗೆ ಡಬಲ್ ಡ್ಯೂಟಿ,
ಆ ಗೆರಿ ಎಳಿಯೂ ಹೊತ್ತಿಗೆ ಯಾರೋ ಕರದಿರಬೇಕು.
ತನಿಖಿಗೆ ಬಂದವರು ಮೊದಲು ಕೇಳಿದ್ದು:
ಬಾಗಿಲ ಚಾವಿ ಆಯಾನ ಹಂತ್ಯಾಕ ಯಾಕಿತ್ತು?

ಈಗ ಕೂಸುಗಳ ಖೋಲಿ ಹೊರಗ
ಬೆಂಕಿ ಆರಿಸೂ ಕೆಂಪು ಬಾಟ್ಲಿ ತೂಗಹಾಕಿದ ಮಳಿ ಕೆಳಗ
ಒಂದು ಸ್ಟೀಲ್ ಬಟ್ಟಲ ಅದ.
ಕೂಸು ಒಳಗ ಹೋದ್ರ ಜಗದೇವಿ ಒಂದು ತೊಗರಿ ಕಾಳು ಹಾಕತಾಳ,
ಮನಿಗೆ ಹೋದ್ರ ಒಂದು ತಗದು ತಾಯಿ ಕೈಯಾಗ ಇಡತಾಳ.
ಓದು ಬರಾಂಗಿಲ್ಲ ಆಕಿಗೆ. ಲೆಕ್ಕ ತಪ್ಪಾಂಗಿಲ್ಲ.
ಕೂಸು ತೀರಿಕೊಂಡ್ರ
ಆ ಕಾಳು ತಂದು ಬೇವಿನ ಬುಡಕ್ಕ ಊರತಾಳ,
ಯಾರಿಗೂ ಹೇಳಲ್ಲ.

ಮೂರು ಎದ್ದಾವ, ಮೊಣಕಾಲೆತ್ತರ.
ನಾನು ಸೈಲೆನ್ಸರ್ ಪೈಪು
ಆಚೀ ಕಡೀ ತಿರುವೀನಿ.

ಪಾಳಿ ಬದಲಿ ಆಗೂ ಹೊತ್ತು, ಹೊಸ ಹುಡುಗನಿಗೆ ಹೇಳಿದೆ:
ಡೀಸೆಲ್ ಮುಕ್ಕಾಲು.
ಬಟ್ಟಲದಾಗ ಒಂಬತ್ತು.