ಎಣಿಕೆ

ಆಗೆಲ್ಲ ನಿನ್ನ ಗೊರಕೆ ನಡುವೆ ನಿಂತುಬಿಡುತ್ತಿತ್ತು, ವಿತೋಲ್ದ್.
ಕತ್ತಲಲ್ಲಿ ಎಣಿಸುತ್ತಿದ್ದೆ:
ಹನ್ನೊಂದು, ಹನ್ನೆರಡು...
ಒಮ್ಮೆ ಮೂವತ್ತೊಂದಕ್ಕೆ ಮೊಣಕೈಯಿಂದ ತಿವಿದೆ.
ಮುಳುಗಿದವನು ಮೇಲೆದ್ದ ಹಾಗೆ ಗಾಳಿ ಕಚ್ಚಿದೆ ನೀನು.

ಈಗ ಹಾಸಿಗೆಯ ಪಕ್ಕ ಪುಟ್ಟ ಯಂತ್ರ,
ಮೂಗಿಗೆ ಮುಖವಾಡ, ಕೆನ್ನೆಗೆ ಪಟ್ಟಿಯ ಬರೆ.
ಬೆಳಿಗ್ಗೆ ಫೋನು ಹಸಿರಾಗಿ ನಗುತ್ತದೆ:
ತೊಂಬತ್ನಾಲ್ಕು ಅಂಕ, ಭೇಷ್!
ತೊಂಬತ್ನಾಲ್ಕು ತೆಗೆದವನು
ಬೀಟ್ರೂಟ್ ಸೂಪಿನ ಮುಂದೆ
ಚಮಚ ಹಿಡಿದೇ ತೂಕಡಿಸುತ್ತಾನೆ.

ಗ್ದಿನ್ಯಾ ಬಂದರಿನ ಕ್ರೇನು ಹತ್ತಲು ಇನ್ನೂ ಅಪ್ಪಣೆಯಿಲ್ಲ.
ನಲವತ್ತು ಮೀಟರ್ ಮೇಲಿಂದ ಕಂಟೇನರುಗಳನ್ನು
ಮೊಟ್ಟೆಯಂತೆ ಇಳಿಸುತ್ತಿದ್ದ ಕೈ
ಉಗ್ರಾಣದಲ್ಲಿ ಕೈಗವಸು ಎಣಿಸುತ್ತದೆ,
ತಪ್ಪುತ್ತದೆ, ಮತ್ತೆ ಒಂದರಿಂದ.

"ಒತ್ತಡ ಇನ್ನೊಂದು ಗೆರೆ ಏರಿಸಿ ನೋಡೋಣ" ಅಂದರು ಡಾಕ್ಟರು.
ತಲೆಯಾಡಿಸಿದೆ ನೀನು.
ಒಪ್ಪಿದೆಯೋ, ಜೋಂಪೋ,
ಮೂವತ್ತು ವರ್ಷದ ಹೆಂಡತಿಗೂ ತಿಳಿಯಲಿಲ್ಲ.

ನಿನ್ನೆ ಮೂರು ಗಂಟೆಗೆ ಮುಖವಾಡ ಓರೆಯಾಗಿ
ತುಟಿಯಂಚಿನಲ್ಲಿ ಗಾಳಿ ಸೋರಿ
ಗೊರಕೆ ಮರಳಿತು.
ಗೋಡೆಯಾಚೆ ಪಾನಿ ಕ್ಷೆಮಿನ್ಸ್ಕಾ ಎರಡು ಸಲ ಬಡಿದಳು.
ಪಟ್ಟಿ ಬಿಗಿದೆ. ಸದ್ದು ತಗ್ಗಿತು, ನಿಲ್ಲಲಿಲ್ಲ.
ಹಳೆಯ ಚಾಳಿ, ಎಣಿಸಹೊರಟೆ:
ಒಂದು, ಎರಡು, ಅಷ್ಟರಲ್ಲಿ ಉಸಿರು.
ಒಂದು, ಎರಡು. ಮತ್ತೆ.
ಒರಟು, ಒದ್ದೆ, ಹಡಗಿನ ಹಗ್ಗ ಉಜ್ಜಿದ ಹಾಗೆ.

ಬಡಿಯಲಿ ಬಿಡು ಆಕೆ.
ಮೂರು ಬರಲೇ ಇಲ್ಲ. ಕಾಯುತ್ತಾ ನಾನೇ ನಿದ್ದೆಹೋದೆ.

ಬೆಳಿಗ್ಗೆ ಅಂಕ ಎಂಬತ್ತೊಂದು.
ಶೂ ಲೇಸು ಕಟ್ಟುವ ನಡುವೆ
ಗೋಡೆಗೊರಗಿ ನೀನು ಕಣ್ಣು ಮುಚ್ಚಿದ್ದೆ.
ಬಸ್ಸು ಹೋಯಿತು.
ಎಬ್ಬಿಸಲಿಲ್ಲ.