ತಲೆಗೊಂದು ಪಾವು

ಜುಬೈಲಿನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ.
ಸರ್ವರ್ ಕೋಣೆಯಲ್ಲಿ ಮಾತ್ರ ಹದಿನೆಂಟು ಡಿಗ್ರಿ.
ಯಂತ್ರಕ್ಕೆ ನೆಗಡಿಯಾಗುವುದಿಲ್ಲ, ನನಗಾಗುತ್ತದೆ;
ಈ ಮರಳಿನಲ್ಲಿ ಸ್ವೆಟರು ಕೊಂಡವನು ನಾನೊಬ್ಬನೇ ಇರಬೇಕು.

ತಾರೀಖು ಇಪ್ಪತ್ತೇಳು, ಸಂಬಳದ ಚೀಟಿ ಏರುವ ದಿನ.
ಒಂಬತ್ತು ಸಾವಿರ ಜನಕ್ಕೆ ಒಂದೇ ಕೊಳವೆ.
ಪುಟ ತೆರೆಯದೆ ಚಕ್ರ ಸುತ್ತುತ್ತಿತ್ತು
ಎಳ್ಳಿಲ್ಲದ ಗಾಣದ ಹಾಗೆ.
"ಯಾವನೋ ಗುಡಾಣ ಹೊಟ್ಟೆಯವನು ಎಲ್ಲ ಹೀರುತ್ತಿದ್ದಾನೆ,
ಬಾಯಿ ಕಟ್ಟು" ಅಂದರು ಮ್ಯಾನೇಜರು ಅಬು ನಾಯಿಫ್.

ಕಟ್ಟಿದೆ. ಎರಡೇ ಸಾಲು.
ಒಬ್ಬ ಗಿರಾಕಿಗೆ ಒಮ್ಮೆಗೆ ಎರಡು ಕೊಂಡಿ,
ಕೊಂಡಿಗೆ ಸೆಕೆಂಡಿಗೆ ಮೂವತ್ತೆರಡು ಕಿಲೋಬೈಟು.
ತಲೆಗೊಂದು ಪಾವು, ಅದೂ ಅಂಗೈಯಲ್ಲಿ ಬಳಿದು
ಸಮ ಮಾಡಿದ್ದು, ಮೇಲೆ ಗೋಪುರವಿಲ್ಲ.
ನಕ್ಷೆಯ ಗೆರೆ ಹೆಡೆ ಇಳಿಸಿ ಮಲಗಿತು.
ಅಬು ನಾಯಿಫ್ ಬೆನ್ನು ತಟ್ಟಿ ಮನೆಗೆ ಹೋದರು.
ನಾನು ಸುಲೈಮಾನಿಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಂಡೆ.
ನ್ಯಾಯವೆಂದರೆ ಇದೇ ಅನಿಸಿತ್ತು, ಸುಳ್ಳೇಕೆ?
ಪಂಕ್ತಿಭೇದ ನೋಡಿ ಬೆಳೆದವನು,
ಆಚೆ ಎಲೆಗೆ ತುಪ್ಪ, ಈಚೆ ಎಲೆಗೆ ತಿಳಿಸಾರು;
ಇಲ್ಲಿ ಸೌಟು ನನ್ನ ಕೈಲಿ, ಸೌಟಿಗೆ ಕಣ್ಣಿಲ್ಲ.

ಹನ್ನೆರಡೂವರೆಗೆ ಫೋನು. ಒಂಬತ್ತನೇ ಕ್ಯಾಂಪಿನ ಚೆಯ್ಯಬ್ಬ,
ಸಿಟ್ಟು ಬಂದಾಗ ಮಾತ್ರ ಪುಸ್ತಕದ ಕನ್ನಡ:
"ಮಾನ್ಯರೇ, ಇಲ್ಲಿ ಒಬ್ಬನಿಗೂ ಚೀಟಿ ತೆರೆಯುತ್ತಿಲ್ಲ.
ತಾವು ಏನು ಮಾಡಿದಿರಿ?"
"ಎಲ್ಲರಿಗೂ ಸಮ ಮಾಡಿದೆ ಕಾಕಾ."
"ಸಮವೇ? ತಮ್ಮ ಲೆಕ್ಕದಲ್ಲಿ ನಾವು ಎಷ್ಟು ಮಂದಿ?"

ದಾಖಲೆ ತೆರೆದೆ.
ಒಂಬತ್ತನೇ ಕ್ಯಾಂಪು: ಒಬ್ಬ.

ಒಂದು ವಿಳಾಸ, ಅದರ ಬೆನ್ನಿಗೆ ನಾನೂರ ಹನ್ನೆರಡು ಜನ.
ಪೈಪು ಬೆಸೆಯುವ ತಿಲಕ್ ಬಹಾದುರ್, ಬಣ್ಣ ಬಳಿಯುವ ಮೊಹಿಬುಲ್ಲಾ,
ಕ್ರೇನಿನ ಮೇಲೆ ಕೂರುವ ಕುಷ್ಟಗಿಯ ಹುಲುಗಪ್ಪ,
ಮಂಚದ ಮೇಲೆ ಮಂಚ, ಬೆಳಗುವ ಮೊಬೈಲುಗಳು.
ಎಲ್ಲರೂ ಒಂದೇ ಹೊಸ್ತಿಲು ದಾಟಿ ಹೊರಬರುವುದರಿಂದ
ನನ್ನ ಯಂತ್ರಕ್ಕೆ ಎಲ್ಲರೂ ಸೇರಿ ಒಬ್ಬ.
ನಾನೂರ ಹನ್ನೆರಡು ಎಲೆ ಹಾಕಿಸಿ
ಒಂದು ಪಾವು ಅಕ್ಕಿ ಬೇಯಿಸಿದ್ದೆ.

"ಹೊಸತೇನಲ್ಲ ಬಿಡಿ," ತಣ್ಣಗಾದರು, ಭಾಷೆಯೂ ಇಳಿಯಿತು,
"ಮೆಸ್ಸಿಗೆ ನಾವು ಒಂದು ಹಂಡೆ, ಸೈಟಿಗೆ ಎಂಟು ಬಸ್ಸು.
ನಿಮ್ಮ ಯಂತ್ರವಾದ್ರೂ ಎಣಿಸ್ತದೆ ಅಂತ ಎಣಿಸಿದ್ದೆ."

ಹಾಗಾದರೆ ಆ ಗುಡಾಣ ಹೊಟ್ಟೆ ಯಾರದು?
ಹಿಂದಿನ ಮೂರು ದಿನದ ಸಾಲುಗಳನ್ನು
ಅಕ್ಕಿಯಲ್ಲಿ ಕಲ್ಲು ಹೆಕ್ಕುವಂತೆ ಹೆಕ್ಕಿದೆ. ಸಿಕ್ಕಿತು:
ರಿಯಾದಿನ ಮುಖ್ಯ ಕಚೇರಿ,
ಮಹಡಿಗೊಂದರಂತೆ ಹದಿನಾಲ್ಕು ಪರದೆ.
ಕಂಪನಿಯ ಪರಿಚಯಚಿತ್ರ, ನಾಲ್ಕು ನಿಮಿಷ,
ಮುಗಿದೊಡನೆ ಮತ್ತೆ ಮೊದಲಿಂದ,
ಪ್ರತಿ ಸಲವೂ ನನ್ನಿಂದ ಹೊಸದಾಗಿ ತರಿಸಿಕೊಂಡು, ನಡುರಾತ್ರಿಯೂ,
ಖಾಲಿ ಸೋಫಾಗಳಿಗೆ ತೋರಿಸಲು.
ತೆರೆದು ನೋಡಿದೆ. ಹೆಲ್ಮೆಟ್ ತೊಟ್ಟು ನಗುವ ಸಾಲಿನಲ್ಲಿ
ಎಡದಿಂದ ಮೂರನೆಯವನು ಹುಲುಗಪ್ಪ.

ಅಳಿಸಿ ಬರೆದೆ: ಹೊಸ್ತಿಲನ್ನು ಎಣಿಸಬೇಡ, ಹೆಸರನ್ನು ಎಣಿಸು.
ಇಕಾಮಾ ಸಂಖ್ಯೆ ಹೇಳಿ ಒಳಬಂದವನಿಗೆ
ಅವನದೇ ಪಾವು. ಪರದೆಗಳಿಗೆ ಚಿಟಿಕೆ.
ನಾಳೆ ರಿಯಾದಿನಲ್ಲಿ ಚಿತ್ರ ತಡವರಿಸಿದರೆ
ಅಬು ನಾಯಿಫ್ ಏನೆನ್ನುವರೋ, ನಾಳೆಗೆ.

ಒಂದು ಐವತ್ತೆರಡಕ್ಕೆ ಒಂದು ಸಂಖ್ಯೆ ಒಳಬಂದು
ತನ್ನ ಚೀಟಿ ತೆರೆಯಿತು. ಹೋಗಲಿಲ್ಲ. ಮತ್ತೆ ತೆರೆಯಿತು.
ಐದು ಸಲ ಅದೇ ಚೀಟಿ,
ಕಡಿತದ ಅಂಕಿ ಈ ಸಲ ಬೇರೆಯಿರಬಹುದೆಂಬಂತೆ.
ಯಾರೆಂದು ನಾನು ನೋಡಬಾರದು, ನೋಡಲಿಲ್ಲ.
ಸಂಬಳದ ಚೀಟಿ ಬಹಳ ಹಗುರ, ಹದಿಮೂರು ಕಿಲೋಬೈಟು.
ಆರನೆಯ ಸಲಕ್ಕೂ
ಅವನ ಪಾವಿನಲ್ಲಿ ಇನ್ನೂ ಮಿಕ್ಕಿತ್ತು.