ಹದಿನಾಲ್ಕನೆಯ ದೀಪ

ಜಯಮಣಿ, ಮೊದಲು ಮೂರು ಸ್ಕ್ರೂ ಬಿಚ್ಚು.
ಒಂದು ತುಕ್ಕು ಹಿಡಿದು ನಿಂತಲ್ಲೇ ಸುತ್ತುತ್ತದೆ,
ಸೀಮೆಎಣ್ಣೆ ಒಂದು ತೊಟ್ಟು ಬಿಟ್ಟು ಚಾ ಕುಡಿದು ಬಾ.
ಅವಸರ ಮಾಡಿದರೆ ಪ್ಲಾಸ್ಟಿಕ್ಕು ಸೀಳುತ್ತದೆ.

ದಿಂಬಂ ಘಾಟಿಯ ಮೇಲೆ ಮುಚ್ಚಿಹೋದ ರೆಸಾರ್ಟಿನ
ಹುಲ್ಲುಹಾಸಿನಲ್ಲಿ ನೆಟ್ಟಿದ್ದವು ಇವು.
ತೂಕದ ಲೆಕ್ಕದಲ್ಲಿ ಕೊಂಡೆ, ಹನ್ನೊಂದು ಕಿಲೋ,
ತಾಳವಾಡಿ ಸಂತೆಯಲ್ಲಿ, ಬೆಳ್ಳುಳ್ಳಿ ಮಾರುವವನ ಪಕ್ಕ.
ಕೆಲವಕ್ಕೆ ಇನ್ನೂ ಬೆಳ್ಳುಳ್ಳಿ ವಾಸನೆ.

ತಲೆ ಮೇಲಿನ ಕರೀ ಬಿಲ್ಲೆಗೆ ಪೊರೆ ಬಂದಿದೆ, ನೋಡು.
ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕು.
ಬೆರಳ ಗುರುತೂ ಉಳಿಯಬಾರದು,
ಬಿಸಿಲಿಗೆ ಅದೂ ಒಂದು ಗೋಡೆ.

ಒಳಗೆ ಉಗುರಿನಷ್ಟು ಹಸಿರು ಹಲಗೆ,
ಅದರ ಮೇಲೆ ನಾಲ್ಕು ಕಾಲಿನ ಹುಳ.
ಹಗಲು ಸೆಲ್ಲಿಗೆ ತಿನ್ನಿಸುವುದೂ ಅದೇ
ರಾತ್ರಿ ಕಕ್ಕಿಸುವುದೂ ಅದೇ.
ಅದಕ್ಕೆ ಬೇರೆ ಕಣ್ಣಿಲ್ಲ.
ಬಿಲ್ಲೆಯಿಂದ ಬರುವುದು ನಿಂತರೆ ಸಂಜೆ ಅಂದುಕೊಳ್ಳುತ್ತದೆ, ಅಷ್ಟೇ.
ಅಂಗೈ ಮುಚ್ಚಿ ನೋಡು.
ಹೂಂ. ಹತ್ತಿತಲ್ಲ.

ಸೆಲ್ಲು ಕೊಡುವುದು ಒಂದೂಕಾಲು ವೋಲ್ಟು,
ಬಿಳಿ ಎಲ್‌ಇಡಿ ಕೇಳುವುದು ಮೂರು.
ನಡುವೆ ಈ ಸುರುಳಿ ಏತ ತುಳಿಯುತ್ತದೆ,
ಬಗ್ಗಿ ಮೊಗೆದು, ಎದ್ದು ಸುರಿದು,
ಸೆಕೆಂಡಿಗೆ ಲಕ್ಷ ಸಲ.
ನಿನ್ನ ತಾತ ತುಳಿದದ್ದು ದಿನಕ್ಕೆ ಸಾವಿರ,
ಅಷ್ಟಕ್ಕೇ ಮಂಡಿ ಹೋಯಿತು.

ನಮ್ಮ ಕೈವಾಡ ಇರುವುದು ಇಲ್ಲಿ:
ಹಳದಿ ನೇರಳೆ ಕಪ್ಪು ಪಟ್ಟೆಯ ಸುರುಳಿ ಹಾಕಿದರೆ
ಝಗ್ ಅನ್ನುತ್ತದೆ, ಹತ್ತು ಗಂಟೆಗೆ ಖಲಾಸ್.
ಕೆಂಪು ಕೆಂಪು ಕಂದು ಹಾಕಿದರೆ
ಮಂಕು. ಆದರೆ ಕೋಳಿ ಕೂಗುವ ತನಕ ಇರುತ್ತದೆ.
ಯಾವುದು ಒಳ್ಳೆಯದು ಅಂತ ನನ್ನ ಕೇಳಬೇಡ.
ಬೀಡಾ ಅಂಗಡಿ ಮರಿಸಾಮಿಗೆ ಹತ್ತರ ತನಕ ಸಾಕು.
ಬಸುರಿ ಸಿದ್ದಾಜಮ್ಮನಿಗೆ ಹಿತ್ತಲ ಕಕ್ಕಸಿನ ಮೆಟ್ಟಿಲು
ಎಷ್ಟು ಹೊತ್ತಿಗಾದರೂ ಕಾಣಬೇಕು.
ಎರಡೇ ಮೆಟ್ಟಿಲು.

ತಪ್ಪು ನಾನೂ ಮಾಡಿದ್ದೇನೆ, ಹೇಳಿಬಿಡುತ್ತೇನೆ.
ಬಸ್ ಸ್ಟ್ಯಾಂಡಿನ ದೊಡ್ಡ ದೀಪದ ಕಂಬದ ಕೆಳಗೆ
ಹೂ ಮಾರುವ ಸೆಲ್ವಿಗೆ ಒಂದು ನೆಟ್ಟುಕೊಟ್ಟೆ.
ಒಂದು ದಿನವೂ ಹತ್ತಲಿಲ್ಲ.
ಎರಡು ಸಲ ಬಿಚ್ಚಿದೆ, ಸೆಲ್ಲು ಬದಲಿಸಿದೆ, ನನ್ನನ್ನೇ ಬೈದುಕೊಂಡೆ.
ಅದಕ್ಕೆ ಕತ್ತಲೆಯೇ ಸಿಕ್ಕಿರಲಿಲ್ಲ.
ಊರಿಗೆಲ್ಲ ಕರೆಂಟು ಹೋದ ರಾತ್ರಿ ಅವಳೇ ಓಡಿಬಂದಳು,
‘ಅಕ್ಕಾ, ಎರಿಯುದು, ಎರಿಯುದು!’
ನಾವು ಉರಿ ಅನ್ನುವುದಕ್ಕೆ ಅವಳು ಎರಿ ಅನ್ನುತ್ತಾಳೆ.

ಇನ್ನು ಆ ಮುರಿದದ್ದನ್ನು ತೆಗೆ.
ಅದು ಕುಂಬಯ್ಯನದು.
ಆನೆ ಕಂದಕದ ಅಂಚಿಗೆ ಅವನ ಚೆಂಡುಹೂವಿನ ಹೊಲ.
ದೀಪ ಬೇಕು ಅಂದ. ಆನೆ ಇದಕ್ಕೆಲ್ಲ ಹೆದರುವುದಿಲ್ಲ ಅಂದೆ.
ನಕ್ಕ. ನನಗೆ ನೀನು ಆನೆ ಹೇಳಿಕೊಡುತ್ತೀಯಾ?
ಮಂಕಾಗಿರಲಿ, ಬೆಳಗಿನ ತನಕ ಇರಲಿ, ಹದಿನಾಲ್ಕು ಕೊಡು ಅಂದ.
ಹೊಲದ ಆಚೆ ಬದಿಗೆ ಸಾಲಾಗಿ ನೆಟ್ಟ.
ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ಎಣಿಸುತ್ತಾನೆ.
ಹದಿನಾಲ್ಕು ಬಂದರೆ ಬೀಡಿ.
ಹನ್ನೆರಡು ಬಂದರೆ, ನಡುವೆ ಯಾರೋ ಅಡ್ಡ ನಿಂತಿದ್ದಾರೆ,
ತಗಡು ಬಡಿಯುತ್ತಾನೆ.
ಇಷ್ಟು ವರ್ಷ ಬೆಸುಗೆ ಹಿಡಿದ ನನಗೆ ಇದು ಹೊಳೆದಿರಲಿಲ್ಲ.

ಹೋದ ವಾರ ಒಂದು ಸಲಗ ಕೊನೆಯದನ್ನು ಕಿತ್ತೆಸೆಯಿತು.
ಮಾರನೆಯ ದಿನ ಮಟಮಟ ಮಧ್ಯಾಹ್ನ
ತಲೆಕೆಳಗಾಗಿ ಕೆಸರಲ್ಲಿ ಬಿದ್ದು ಉರಿಯುತ್ತಿತ್ತಂತೆ,
ಬಿಲ್ಲೆ ಮಣ್ಣಿಗೆ ಒತ್ತಿಕೊಂಡು.
ಅದರ ಪಾಲಿಗೆ ರಾತ್ರಿ ಮುಗಿದೇ ಇರಲಿಲ್ಲ.
ಎತ್ತುವಾಗ ಅವನ ಕೈಯಲ್ಲೇ ತಂತಿ ತುಂಡಾಯಿತು.

ಕಪ್ಪು ತಂತಿ ಅದು, ಕೂದಲಿನಷ್ಟು.
ರಾಳ ಮುಟ್ಟಿಸಿ ಬೆಸೆ. ಊದಬೇಡ, ತಾನೇ ಆರಲಿ.
ಐದೂವರೆ ಬಸ್ಸಿಗೆ ಕೊಟ್ಟುಕಳಿಸಬೇಕು.
ಒಂದು ವಾರದಿಂದ ಆ ಮನುಷ್ಯ
ಹದಿಮೂರರ ತನಕ ಎಣಿಸಿ
ಬೆಚ್ಚಿ ಎದ್ದು ನಿಲ್ಲುತ್ತಿದ್ದಾನೆ.